ಈಶಾನ್ಯಕ್ಕೆ ಹರಿದ ನೀರು

ನಮ್ಮ ರಾಯದುರ್ಗದಲ್ಲಿ ಹಳೆ ಮನೆ ಕೊಳ್ಳಲು ಬಂದವರು ಗೋಡೆ ತಟ್ಟಿ ನೋಡುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವರು ಕೇಳುವುದು ಒಂದೇ ಪ್ರಶ್ನೆ: ಈ ಮನೆಯಲ್ಲಿ ಯಾರಾದರೂ ಕೆಟ್ಟ ಸಾವು ಸತ್ತಿದ್ದಾರೆಯೇ? ನೇಣು ಹಾಕಿಕೊಂಡವರು, ಬಾಣಂತಿಯಾಗಿ ಹೋದವರು, ಕೆಟ್ಟ ನಕ್ಷತ್ರದಲ್ಲಿ ಕಣ್ಣು ಮುಚ್ಚಿದವರು? ಇಲ್ಲ ಎಂದರೆ ಆಮೇಲೆ ಬಾಗಿಲು ಯಾವ ದಿಕ್ಕಿಗಿದೆ, ಒಲೆ ಯಾವ ಮೂಲೆಯಲ್ಲಿದೆ ಎಂದು ವಿಚಾರಣೆ. ಮಳೆಗಾಲದಲ್ಲಿ ನೀರು ಎಲ್ಲಿಂದ ನುಗ್ಗುತ್ತದೆ, ನೆಲ ಯಾವತ್ತಾದರೂ ಕುಸಿದಿತ್ತೇ, ಈ ಒಂದು ಕೋಣೆಗೆ ಮಾತ್ರ ಹೊಸ ಕಲ್ಲು ಯಾಕೆ ಹಾಸಿದ್ದೀರಿ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಸತ್ತವರ ಬಗ್ಗೆ ನಮಗಿರುವ ಭಯದಲ್ಲಿ ಕಾಲು ಭಾಗ ನೆಲದ ಬಗ್ಗೆ ಇದ್ದಿದ್ದರೆ ಸೌಭಾಗ್ಯನ ಗಂಡ ಇವತ್ತಿಗೂ ಕತ್ತರಿ ಹಿಡಿದು ನಿಂತಿರುತ್ತಿದ್ದ. ಇದನ್ನು ನೆನೆದರೆ ನನಗೆ ಮೊದಲು ಬರುವುದು ಸಿಟ್ಟು. ಅಳು ಆಮೇಲೆ.

ಸೌಭಾಗ್ಯ ಮಡಕಶಿರಾ ಕಡೆಯವಳು, ಅಮರಾಪುರದ ಹತ್ತಿರದ ಹಳ್ಳಿ. ಮದುವೆಯಾಗಿ ರಾಯದುರ್ಗಕ್ಕೆ ಬಂದು ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಿನಲ್ಲಿ ನನ್ನ ಪಕ್ಕದ ಮಷಿನ್ನಿಗೆ ಕುಳಿತಳು. ಅವಳದು ಜೇಬು ಹೊಲಿಯುವ ಕೆಲಸ, ನನ್ನದು ಸೊಂಟದ ಪಟ್ಟಿ. ಅವಳು ಬಾಯಿ ತೆಗೆದರೆ 'ಕಣಕ್ಕ, ಕಣಕ್ಕ' ಎನ್ನುತ್ತಿದ್ದಳು. ನಾವು 'ಏನ್ ಕಣಕ್ಕ ನಿಂದು' ಎಂದು ಆಡಿಕೊಂಡು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ನಕ್ಕರೆ ಅವಳ ಭುಜವೆಲ್ಲ ಕುಲುಕುತ್ತಿತ್ತು, ಹೊಲಿಗೆ ಸೊಟ್ಟಗಾಗುತ್ತಿತ್ತು, ಮೇಸ್ತ್ರಿ ಬಂದು ಬೈಯುತ್ತಿದ್ದ. ಅಂಥ ನಗು ನಾನು ಮತ್ತೆ ಕೇಳಿಲ್ಲ.

ಗಂಡ ಓಬುಲೇಶ್ ಅದೇ ಶೆಡ್ಡಿನಲ್ಲಿ ಕಟಿಂಗ್ ಮಾಸ್ಟರು, ನಮ್ಮೂರಿನವನೇ. ಮಾತು ಕಡಿಮೆ, ಕೈ ಚುರುಕು. ಬಟ್ಟೆಯ ರೋಲು ಬಿಚ್ಚಿ ಹಾಸಿದಾಗ ಎಲ್ಲಾದರೂ ನೂಲು ಹರಿದಿದ್ದರೆ, ಎಣ್ಣೆ ಕಲೆಯಿದ್ದರೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದು ಬಿಡುತ್ತಿದ್ದ. ಆ ಸುತ್ತು ಇದ್ದ ತುಂಡು ಬೇರೆ ಗುಡ್ಡೆಗೆ ಹೋಗಬೇಕು. ಒಂದು ಸಲ ಮಾಲೀಕರ ಅಳಿಯ ಬಂದು, ಇಷ್ಟು ಸಣ್ಣದಕ್ಕೆಲ್ಲ ಯಾಕೆ ಗುರುತು, ಒಳಮಡಿಕೆಗೆ ಹೋದರೆ ಯಾರಿಗೆ ಕಾಣುತ್ತದೆ ಎಂದ.

"ಡ್ಯಾಮೇಜ್ ಐತಿ ಅಂತ ಗೊತ್ತಿದ್ದೂ ಗುರುತು ಹಾಕದಿದ್ರ ಅದು ಕಳ್ಳತನ ಆಗ್ತೈತ್ರಿ. ಹೇಳಿ ಮಾರ್ರಿ, ಬೇಕಾದೋರು ತಗೋತಾರ" ಎಂದ ಓಬುಲೇಶ್. ಅಳಿಯನಿಗೆ ಮುಖ ಕೆಂಪಾಯಿತು. ಸೌಭಾಗ್ಯ ತಲೆ ತಗ್ಗಿಸಿಕೊಂಡು ಜೇಬು ಹೊಲಿಯುತ್ತಲೇ ಇದ್ದಳು, ಆದರೆ ಅವಳ ಭುಜ ಕುಲುಕುತ್ತಿತ್ತು.

ಇಬ್ಬರಿಗೂ ಇದ್ದದ್ದು ಒಂದೇ ಆಸೆ, ಸ್ವಂತ ಮನೆ. ಬಾಡಿಗೆ ಮನೆಗಳಲ್ಲಿ ಅವರು ಪಟ್ಟ ಪಾಡು ನನಗೆ ಗೊತ್ತು. ಒಬ್ಬ ಮಾಲೀಕ ಗೋಡೆಗೆ ಮೊಳೆ ಹೊಡೆಯಬಾರದು ಎಂದ. ಇನ್ನೊಬ್ಬಳು ನಳದ ನೀರು ಬಂದಾಗ ತನ್ನ ಡ್ರಮ್ಮು ತುಂಬಿದ ಮೇಲೆ ಇವರು ಕೊಡ ಹಿಡಿಯಬೇಕು ಎಂದಳು. ನಮ್ಮೂರಲ್ಲಿ ನಳದ ನೀರು ಬರುವುದೇ ಅಪರೂಪಕ್ಕೆ. ಅವಳ ಡ್ರಮ್ಮು ತುಂಬುವ ಹೊತ್ತಿಗೆ ನೀರು ನಿಂತು ಹೋಗುತ್ತಿತ್ತು.

"ನಮ್ದೇ ಗೋಡೆ ಒಂದ್ ಇರ್ಬೇಕು ಉಷಕ್ಕ. ಮೊಳೆ ಹೊಡೀತೀನಿ ನೋಡು, ಸುಮ್ಕೆ ಹೊಡೀತೀನಿ, ಏನೂ ನೇತಾಕಾಕಲ್ಲ" ಎನ್ನುತ್ತಿದ್ದಳು ಸೌಭಾಗ್ಯ.

ಕೊನೆಗೆ ಕೋಟೆ ಬೆಟ್ಟದ ಕೆಳಗಿನ ಓಣಿಯಲ್ಲಿ ಎರ್ರಪ್ಪ ಎಂಬ ಹಿರಿಯರ ಮನೆ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಒಂದಾನೊಂದು ಕಾಲಕ್ಕೆ ಆ ಓಣಿಯ ಮನೆಗಳೆಲ್ಲ ಒಬ್ಬನೇ ಜೋಳದ ಸಾಹುಕಾರನ ದೊಡ್ಡ ಮನೆಯಾಗಿದ್ದವಂತೆ. ಆಮೇಲೆ ಪಾಲು ಪಾಲಾಗಿ, ಗೋಡೆ ಎದ್ದು, ಒಬ್ಬೊಬ್ಬರ ಕೈ ಸೇರಿದವು. ಎರ್ರಪ್ಪನವರು ಊರಲ್ಲಿ ಒಳ್ಳೆ ಹೆಸರಿದ್ದ ಮನುಷ್ಯ. ಹಣೆಗೆ ವಿಭೂತಿ, ಮಾತು ಮೆತ್ತಗೆ. ಮಗನ ಮನೆಗೆ ಹೋಗಿ ಇರುತ್ತೇನೆ, ಅದಕ್ಕೇ ಮಾರುತ್ತಿದ್ದೇನೆ ಎಂದರು.

ಮನೆ ನೋಡಲು ಹೋದ ದಿನ ನಾನೂ ಜೊತೆಗಿದ್ದೆ. ಓಬುಲೇಶ್ ತನ್ನ ಕಡೆಯಿಂದ ಒಬ್ಬ ಸಿದ್ಧಾಂತಿಯನ್ನು ಕರೆದುಕೊಂಡು ಬಂದಿದ್ದ. ನಮ್ಮಲ್ಲಿ ಮುಹೂರ್ತ ಇಡುವ, ವಾಸ್ತು ಹೇಳುವ ಪಂಚಾಂಗದವರಿಗೆ ಸಿದ್ಧಾಂತಿ ಎನ್ನುತ್ತೇವೆ. ಬಾಗಿಲಲ್ಲೇ ಆತ ಕೇಳಿದ.

"ಯಜಮಾನ್ರೇ, ಈ ಮನ್ಯಾಗ ಯಾರಾದ್ರೂ ತೀರಿಕೊಂಡಾರೇನ್ರಿ?"

"ಇಲ್ರಿ. ದೇವರಾಣೆ ಯಾರೂ ಇಲ್ಲ" ಎಂದರು ಎರ್ರಪ್ಪ. ಅದು ನಿಜವೇ ಆಗಿತ್ತು.

ಮನೆಯ ಉಳಿದ ಕೋಣೆಗಳಿಗೆಲ್ಲ ಹಳೆಯ ಒರಟು ಚಪ್ಪಡಿ. ಹಿಂದಿನ ಕೋಣೆಗೆ ಮಾತ್ರ ಹೊಸದಾಗಿ ಕಡಪ ಕಲ್ಲು ಹಾಸಿತ್ತು, ಕಪ್ಪಗೆ, ಮುಖ ಕಾಣುವ ಹಾಗೆ. ಸೌಭಾಗ್ಯ ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಟ್ಟು, ತಣ್ಣಗಿದೆ ಎಂದು ನನ್ನ ಕೈ ಹಿಡಿದು ಎಳೆದಳು. ಸಿದ್ಧಾಂತಿ ಒಂದು ಚೊಂಬು ನೀರು ತರಿಸಿ ಆ ಕೋಣೆಯ ನಡುವೆ ಸುರಿದ. ನೀರು ಒಂದು ಗಳಿಗೆ ನಿಂತು, ಆಮೇಲೆ ಯಾರೋ ಕರೆದಂತೆ ಮೂಲೆಯ ಕಡೆಗೆ ಹರಿಯಿತು. ಅದು ಈಶಾನ್ಯದ ಮೂಲೆ.

"ನೋಡ್ರಿ, ನೋಡ್ರಿ! ನೀರು ತಾನಾಗೇ ಈಶಾನ್ಯಕ್ಕ ಹೊಂಟೈತಿ. ಲಕ್ಷ ಮನಿ ನೋಡೀನಿ, ಹಿಂಗ ಹರಿಯೋದು ಬಾಳ ಕಡಿಮಿ. ಬಂಗಾರದಂಥ ಮನಿ. ಕಣ್ಣು ಮುಚ್ಚಿ ತಗೋರಿ!" ಎಂದ ಸಿದ್ಧಾಂತಿ.

ನೆಲದ ಇಳಿಜಾರು ಈಶಾನ್ಯಕ್ಕಿದ್ದರೆ ಮನೆಗೆ ಏಳಿಗೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಓಬುಲೇಶ್ ಯಾವತ್ತೂ ಹಾಗೆ ನಕ್ಕವನಲ್ಲ, ಅವತ್ತು ನಕ್ಕ. ಸೌಭಾಗ್ಯ ಆ ನೀರನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎರ್ರಪ್ಪನವರು ಹೊಸ್ತಿಲ ಆಚೆ ನಿಂತಿದ್ದರು. ನೀರು ಮೂಲೆ ಮುಟ್ಟುವವರೆಗೂ ಅದನ್ನೇ ನೋಡಿದರು. ಒಮ್ಮೆ ಕೆಮ್ಮಿದರು. ಏನಾದರೂ ಹೇಳುತ್ತಾರೇನೋ ಎಂದು ನಾನು ತಿರುಗಿದೆ. ಅವರು ಮೇಲುಹೊದಿಕೆ ಸರಿಮಾಡಿಕೊಂಡು ಹೊರಗೆ ಹೋದರು. ಪಕ್ಕದ ಮನೆಯ ಮೂಕಮ್ಮ ಹಿತ್ತಿಲ ಗೋಡೆಯ ಮೇಲಿನಿಂದ ಇಣುಕಿ ನೋಡುತ್ತಿದ್ದಳು. ಅವಳೂ ಏನೂ ಹೇಳಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಕಟ್ಟಿದ ಮನೆ ಕೊಂಡು ನೋಡು ಎಂದು ಯಾರೂ ಯಾಕೆ ಸೇರಿಸಲಿಲ್ಲವೋ.

ರಿಜಿಸ್ಟ್ರೇಷನ್ ಆಯಿತು. ಒಳ್ಳೆ ದಿನ ನೋಡಿ ಹಿಂದಿನ ಕೋಣೆಯಲ್ಲೇ ಹಾಲುಕ್ಕಿಸಿದರು. ಉಕ್ಕಿದ ಹಾಲೂ ಅದೇ ಮೂಲೆಗೆ ಹರಿದು ಹೋಯಿತು, ನಾವೆಲ್ಲ ಕೈ ಮುಗಿದೆವು. ಸೌಭಾಗ್ಯ ಹೇಳಿದ ಹಾಗೆಯೇ ಗೋಡೆಗೆ ಒಂದು ಮೊಳೆ ಹೊಡೆದಳು, ಏನೂ ನೇತುಹಾಕಲಿಲ್ಲ. ನೀರು ಈಶಾನ್ಯದಲ್ಲೇ ಇರಬೇಕು ಎಂದು ಸಿದ್ಧಾಂತಿ ಹೇಳಿದ್ದನಲ್ಲ, ಎರಡು ದೊಡ್ಡ ಡ್ರಮ್ಮು ತಂದು ಆ ಮೂಲೆಯಲ್ಲೇ ಇಟ್ಟರು. ಯಾರ ಅಪ್ಪಣೆಯೂ ಬೇಡದೆ ತುಂಬಿಸಿಕೊಳ್ಳುವ ಡ್ರಮ್ಮು ಅವು.

ಅವರು ಆ ಮನೆಯಲ್ಲಿ ಕಂಡದ್ದು ಒಂದು ಬೇಸಿಗೆ, ಒಂದು ಮುಂಗಾರು ಅಷ್ಟೇ. ಆ ವರ್ಷ ಹಿಂಗಾರು ಜೋರಾಗಿ ಹಿಡಿಯಿತು. ಬೆಟ್ಟದ ನೀರೆಲ್ಲ ಓಣಿಗೆ ಇಳಿಯಿತು. ಹಿಂದಿನ ಕೋಣೆಯ ಕಲ್ಲುಗಳ ಸಂದಿ ಸ್ವಲ್ಪ ಬಿಟ್ಟುಕೊಂಡಿದೆ ಎಂದು ಓಬುಲೇಶ್ ಹೇಳಿದ್ದ. ಮಳೆ ನಿಂತ ಮೇಲೆ ಸಿಮೆಂಟು ತುಂಬಿಸೋಣ ಎಂದುಕೊಂಡಿದ್ದರು. ಒಂದು ಭಾನುವಾರ ಬೆಳಿಗ್ಗೆ ನಳದಲ್ಲಿ ನೀರು ಬಂತು. ಎರಡೂ ಡ್ರಮ್ಮು ತುಂಬಿಸಿದರು. ಸೌಭಾಗ್ಯ ಮುಂದಿನ ಕೋಣೆಯಲ್ಲಿ ಒಲೆ ಹಚ್ಚಿ, ಒಂದು ಚೊಂಬು ನೀರು ಕೊಡಿ ಎಂದಳು. ಓಬುಲೇಶ್ ಚೊಂಬು ಹಿಡಿದು ಹೋದ. ಮೂಲೆ ಹಾಗೇ ಒಳಗೆ ಹೋಯಿತು. ಕಲ್ಲು, ಡ್ರಮ್ಮು, ಅವನು, ಎಲ್ಲ ಒಟ್ಟಿಗೆ.

ನಾನು ಓಡಿ ಹೋಗುವ ಹೊತ್ತಿಗೆ ಓಣಿಯ ಗಂಡಸರು ಹಾರೆ ಹಾಕಿ ಚಪ್ಪಡಿ ಎತ್ತುತ್ತಿದ್ದರು. ಮೇಲೆ ತಂದಾಗ ಉಸಿರು ಇರಲಿಲ್ಲ. ಮೈಯೆಲ್ಲ ಕೆಸರು, ಕೂದಲಲ್ಲಿ ಕರ್ರಗಾದ ಹುಲ್ಲು. ಆ ಹುಲ್ಲನ್ನು ಸೌಭಾಗ್ಯ ಒಂದೊಂದಾಗಿ ಬಿಡಿಸಿದಳು. ಬಿಡಿಸುತ್ತಾ ಒಂದು ಎಳೆಯನ್ನು ಮೂಸಿ ನೋಡಿ, ಯಾರಿಗೂ ಅಲ್ಲದ ಹಾಗೆ, "ಇದು ಹಗೇವು" ಎಂದಳು.

ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಮೇಲೆ ಸಣ್ಣ ಬಾಯಿ, ಒಳಗೆ ಹೊಟ್ಟೆ ಅಗಲ, ಸುತ್ತ ಹುಲ್ಲು ಹಾಸಿ ಜೋಳವೋ ರಾಗಿಯೋ ತುಂಬಿ ಮುಚ್ಚುತ್ತಿದ್ದರು. ಅಮರಾಪುರದ ಕಡೆ ಅವಳ ತಾತನ ಅಂಗಳದಲ್ಲೂ ಒಂದು ಇತ್ತಂತೆ, ಒಳಗಿನ ಗಾಳಿ ಕೆಟ್ಟಿದೆಯೇ ಎಂದು ದೀಪ ಇಳಿಬಿಟ್ಟು ನೋಡಿ ಆಮೇಲೆ ಆಳು ಇಳಿಯುತ್ತಿದ್ದರಂತೆ. ಹಗೇವು ಗೊತ್ತಿಲ್ಲದವಳಲ್ಲ ಅವಳು. ಆದರೆ ಕಾಲ ಕೆಳಗೆ ಇದೆ ಎಂದು ಹೇಳುವವರು ಇರಲಿಲ್ಲ. ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಮೂಕಮ್ಮ ದಿನಾ ಗಂಜಿ ತಂದುಕೊಡುತ್ತಿದ್ದಳು, ಪಾಪ, ಅದು ಸುಳ್ಳಲ್ಲ. ಒಂದು ಮಧ್ಯಾಹ್ನ ಸೌಭಾಗ್ಯನ ತಲೆ ನೇವರಿಸುತ್ತಾ ಹೇಳಿಬಿಟ್ಟಳು.

"ಎಲ್ಲಾರಿಗೂ ಗೊತ್ತಿತ್ತವ್ವಾ. ಸಾಹುಕಾರನ ಹಗೇವು ಈ ಸಾಲಿನ ಮನಿಗಳ ಕೆಳಗ ಉದ್ದಕ್ಕೂ ಅದಾವ. ಎರ್ರಪ್ಪನ ಕಾಲದಾಗ ಈ ಮೂಲಿ ಒಂದ್ಸಲ ಕುಂತಿತ್ತು. ಕಲ್ಲು ಮಣ್ಣು ತುಂಬಿ ಮ್ಯಾಲ ಕಡಪ ಕಲ್ಲು ಹಾಸಿದ. ಪೂರಾ ತುಂಬಿದ್ದಿಲ್ಲ ಅನಸ್ತೈತಿ."

ಸೌಭಾಗ್ಯ ಎದ್ದು ಕುಳಿತಳು. "ಮತ್ತೆ ನಮಗ್ಯಾಕೆ ಹೇಳ್ಲಿಲ್ಲ ಅತ್ತೆ? ಅವತ್ತು ಗೋಡೆ ಮೇಲಿಂದ ನೋಡ್ತಾ ಇದ್ರಲ್ಲ."

"ಆಗೋ ಯಾಪಾರಕ್ಕ ಅಡ್ಡ ಬರಬಾರದವ್ವ. ಒಬ್ಬರ ಮನಿ ಮಾರಾಟ ಕೆಡಿಸಿದ್ರ ಆ ಪಾಪ ನಮ್ಮ ಮನಿಗೇ ಸುತ್ಕೊಂತೈತಿ ಅಂತಾರ. ಎರ್ರಪ್ಪ ಹೇಳ್ತಾನ ಅಂತ ನಾವು ಸುಮ್ಮನಿದ್ವಿ."

ಇದು ನಮ್ಮ ಕಡೆಯ ದೊಡ್ಡ ನೀತಿ. ಹೆಣ್ಣು ನೋಡಲು ಬಂದವರ ಮುಂದೆ, ಎತ್ತು ಕೊಳ್ಳಲು ಬಂದವರ ಮುಂದೆ, ಮನೆ ನೋಡಲು ಬಂದವರ ಮುಂದೆ ಓಣಿಯೆಲ್ಲ ಬಾಯಿಗೆ ಬೀಗ. ಕೆಡುಕಾದ ಮೇಲೆ ಮಾತ್ರ ಒಬ್ಬೊಬ್ಬರಾಗಿ ಬಂದು, ನಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಅದೂ ಕಿವಿಯಲ್ಲಿ.

ಅವತ್ತಿನಿಂದ ಸೌಭಾಗ್ಯನಿಗೆ ಒಂದೇ ಹಟ ಹಿಡಿಯಿತು. ಆ ಕಿವಿಮಾತನ್ನು ಯಾರಾದರೂ ಒಬ್ಬರು ನಾಲ್ಕು ಜನರ ಮುಂದೆ ಹೇಳಬೇಕು. ಗೊತ್ತಿತ್ತು, ಹೇಳಲಿಲ್ಲ, ಅಷ್ಟೇ. "ನಂಗೆ ಇನ್ನೇನೂ ಬ್ಯಾಡ ಉಷಕ್ಕ. ಸಾಯೋ ಕಾಲ ಬಂದಿತ್ತು, ಸತ್ತ ಅಂತಾವ್ರೆ. ಕಾಲ ಬಂದಿರ್ಲಿಲ್ಲ. ಹೇಳಿದ್ರೆ ಬದುಕಿರೋನು. ಅದನ್ನ ಒಬ್ರು ಒಪ್ಕಂಡ್ರೆ ಸಾಕು."

ಕೋರ್ಟಿನ ಎದುರು ಕೂರುವ ಒಬ್ಬ ಲಾಯರ್ ಹತ್ತಿರ ಹೋದೆವು. ಒಳ್ಳೆ ಮನುಷ್ಯ, ಪೂರ್ತಿ ಕೇಳಿಸಿಕೊಂಡರು. ತೆಲುಗು ಮನೆಮಾತಿನವರಾದರೂ ನಮಗಾಗಿ ಕನ್ನಡದಲ್ಲೇ ಬಿಡಿಸಿ ಹೇಳಿದರು.

"ಕಾನೂನು ನಿನ್ನ ಕಡೆಗೇ ಐತಮ್ಮ. ಮನೆ ಮಾರೋನಿಗೆ ಒಂದು ದೋಷ ಗೊತ್ತಿದ್ದು, ಕೊಳ್ಳೋರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಅದು ಕಾಣಂಗಿಲ್ಲ ಅಂದ್ರೆ, ಅವನು ಬಾಯಿಬಿಟ್ಟು ಹೇಳ್ಲೇಬೇಕು. ಹೇಳದೆ ಮಾರಿದ್ರೆ ಮೋಸ. ಆದ್ರೆ ಅವನಿಗೆ ಗೊತ್ತಿತ್ತು ಅಂತ ನಾವು ತೋರಿಸಬೇಕು. ಸಾಕ್ಷಿ ಯಾರು ಬರ್ತಾರೆ?"

"ಓಣಿಗೆಲ್ಲ ಗೊತ್ತು ಸಾರ್" ಎಂದೆ ನಾನು.

"ಓಣಿ ಬಂದು ಸಾಕ್ಷಿ ಹೇಳಲ್ಲಮ್ಮ. ಒಬ್ಬ ಮನುಷ್ಯ ಬೇಕು." ಆಮೇಲೆ ಸೌಭಾಗ್ಯನ ಕಡೆ ತಿರುಗಿದರು. "ನೀವು ಕೊಳ್ಳೋ ಮುಂಚೆ ನೆಲ ನೋಡಿದ್ರಾ?"

ಸೌಭಾಗ್ಯ ನೀರಿನ ವಿಷಯ ಹೇಳಿದಳು. ಸಿದ್ಧಾಂತಿ ಸುರಿದದ್ದು, ಅದು ಮೂಲೆಗೆ ಹರಿದದ್ದು, ತಾವು ನಕ್ಕದ್ದು. ಲಾಯರ್ ಪೆನ್ನು ಕೆಳಗಿಟ್ಟರು.

"ಅವರು ಹಿಡಿಯೋದೇ ಅದನ್ನಮ್ಮ. ನೆಲ ಇಳಿದಿರೋದು ನಿಮ್ಮ ಕಣ್ಣೆದುರಿಗೇ ಕಾಣ್ತು, ನೀವೇ ಕರಕೊಂಡು ಬಂದೋನು ನೀರು ಹಾಕಿ ತೋರಿಸಿದ, ನೀವು ಸಂತೋಷಪಟ್ಟು ಕೊಂಡ್ರಿ. ಕಾಣದ ದೋಷ ಹೆಂಗಾಗುತ್ತೆ ಅಂತ ಕೇಳ್ತಾರೆ."

ಅವಳು ಮೆಟ್ಟಿಲು ಇಳಿದು ಬಂದು ಕೋರ್ಟಿನ ಬೇವಿನ ಮರದ ಕೆಳಗೆ ಕುಳಿತುಬಿಟ್ಟಳು. ತಾನು ಕಣ್ಣಿಗೆ ಒತ್ತಿಕೊಂಡ ನೀರು ಅದು. ಬೆರಳುಗಳನ್ನು ಸೀರೆಗೆ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

ಎರ್ರಪ್ಪನವರ ಮಗನ ಮನೆ ಬಳ್ಳಾರಿ ರಸ್ತೆಯಲ್ಲಿದೆ. ಅಲ್ಲಿಗೂ ಹೋದೆವು. ಮುದುಕರು ಕಟ್ಟೆಯ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು.

"ನೀವು ಕೇಳಿದ್ದಕ್ಕೆಲ್ಲ ಖರೇ ಹೇಳೀನಿ ತಂಗಿ. ಯಾರೂ ಸತ್ತಿಲ್ಲ ಅಂದೆ, ಯಾರೂ ಸತ್ತಿದ್ದಿಲ್ಲ. ನೆಲದ ಮಾತು ನೀವು ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆ. ಹೇಳಬೇಕು ಅಂತ ಬಾಯಿ ತೆಗೆದೆ, ಅಷ್ಟರಾಗ ಆ ಸಿದ್ಧಾಂತಿ ಬಂಗಾರದಂಥ ಮನಿ ಅಂದ, ನಿನ್ನ ಗಂಡ ನಕ್ಕ. ನಗೋರ ಮುಂದ ಹೆಂಗ ಹೇಳ್ಲಿ?"

"ಇದೇ ಮಾತು ಲಾಯರ್ ಮುಂದೆ ಬಂದು ಹೇಳಿ ಅಪ್ಪಾರೆ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ಸೌಭಾಗ್ಯ. ಬಿದ್ದೂ ಬಿಟ್ಟಳು.

ಮುದುಕರು ಅವಳನ್ನು ಎಬ್ಬಿಸಲು ಬಗ್ಗಿದರು. ಹೂಂ ಎನ್ನುತ್ತಿದ್ದರೇನೋ. ಒಳಗಿನಿಂದ ಮಗ ಬಂದ. "ನಮ್ಮಪ್ಪಗ ಅರಳು ಮರಳು. ಏನೇನೋ ಮಾತಾಡ್ತಾನ. ಹೋಗ್ರಿ ನೀವು" ಎಂದ. ಎರ್ರಪ್ಪನವರು ಮಗನ ಮುಖ ನೋಡಿ, ತಲೆ ತಗ್ಗಿಸಿ ಒಳಗೆ ಹೋದರು. ಮುದುಕರಿಗೆ ಅರಳು ಮರಳು ಅಲ್ಲ ಎಂಬುದು ಆ ಮಗನಿಗೂ ಗೊತ್ತಿತ್ತು.

ಓಣಿಯಲ್ಲಿ ಬಾಗಿಲು ಬಾಗಿಲು ತಿರುಗಿದೆವು. ಗಂಜಿ ತಂದ ಮೂಕಮ್ಮ, "ನಾ ಹಂಗಂದೆನೇನು? ದುಃಖದಾಗ ಏನೋ ಕೇಳಿಸಿಕೊಂಡಿ" ಎಂದಳು. ಹಗಲು ಕಂಡ ಬಾವಿಗೆ ಇರುಳು ಬಿದ್ದರು, ಈಗ ಊರ ಮೇಲೆ ಹಾಕುತ್ತಾರೆ ಎಂದು ಹಿಂದಿನಿಂದ ಯಾರೋ ಆಡಿದ್ದು ನಮಗೆ ಕೇಳಿಸಿತು. ಬಾವಿ ಕಂಡವರು ಅವರು, ಬಿದ್ದವನು ಓಬುಲೇಶ್. ನನಗೆ ಎಷ್ಟು ಸಿಟ್ಟು ಬಂತೆಂದರೆ ತಿರುಗಿ ಎರಡು ಮಾತು ಬೈದೇ ಬಂದೆ. ಬೈದದ್ದರಿಂದ ಏನೂ ಆಗಲಿಲ್ಲ.

ಆಮೇಲೆ ಸೌಭಾಗ್ಯ ಕೇಸಿನ ಮಾತು ಬಿಟ್ಟಳು. ಗುಂಡಿಗೆ ಬುಡದಿಂದ ಕಲ್ಲು ತುಂಬಿಸಿ, ನೀರು ಬಿಟ್ಟು ಬಡಿಸಿ ಮುಚ್ಚಿಸಿದಳು. ಮನೆ ಮಾರಿ ಅಣ್ಣನ ಹತ್ತಿರ ಅಮರಾಪುರಕ್ಕೆ ಹೋಗುತ್ತೇನೆ ಎಂದಳು. ಶೆಡ್ಡಿನಿಂದ ಗಂಡನ ಸೀಮೆಸುಣ್ಣದ ಚೂರೊಂದನ್ನು ತಂದು, ಹಿಂದಿನ ಕೋಣೆಯ ನೆಲದ ಮೇಲೆ ಹಗೇವು ಇದ್ದ ಜಾಗದ ಸುತ್ತ ದೊಡ್ಡದಾಗಿ ಒಂದು ಸುತ್ತು ಬರೆದಳು.

"ಹೇಳ್ಕಂಡೇ ಮಾರ್ತೀನಿ" ಎಂದಳು.

ಬಂದವರು ಮಡಕಶಿರಾ ಪಕ್ಕದ ಗುಡಿಬಂಡೆ ಕಡೆಯ ಗಂಡ ಹೆಂಡತಿ. ಗಂಡ ಗೋವರ್ಧನ್ ಇಲ್ಲಿನ ಒಂದು ಬ್ಯಾಂಕಿನಲ್ಲಿ ಅಟೆಂಡರ್. ಹೆಂಡತಿ ಗಂಗೋತ್ರಿ ತುಂಬು ಬಸುರಿ. ಸೌಭಾಗ್ಯನ ಮಾತು ಕೇಳಿದ್ದೇ ಆ ಹುಡುಗಿಯ ಮುಖ ಅರಳಿತು.

"ಅಯ್ಯೋ, ನಮ್ ಕಡೆಯೋರಾ ಅಕ್ಕ ನೀವು! ಈ ಊರಿನ ಮಾತು ಕೇಳೀ ಕೇಳೀ ಸಾಕಾಗಿತ್ತು ಕಣಕ್ಕ."

ಸೌಭಾಗ್ಯ ಅವಳ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಸುತ್ತು ತೋರಿಸಿದಳು. ಇಲ್ಲಿ ಹಗೇವು ಇತ್ತು, ಒಮ್ಮೆ ಅರ್ಧ ತುಂಬಿ ಮುಚ್ಚಿದ್ದರು, ಮಳೆಗೆ ಮತ್ತೆ ಕುಸಿಯಿತು, ಈಗ ನಾನು ಪೂರ್ತಿ ತುಂಬಿಸಿದ್ದೇನೆ, ಆದರೂ ಇಲ್ಲಿ ಭಾರ ಇಡಬೇಡಿ, ಎಲ್ಲ ಹೇಳಿದಳು. ಈ ಊರಲ್ಲಿ ಮನೆ ಮಾರುವವರು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೋವರ್ಧನ್ ಬಗ್ಗಿ ನೋಡಿದ.

"ಅದ್ಕೇನ್ ಬಿಡಕ್ಕ, ನೆಲ ರಿಪೇರಿ ಮಾಡಿಸ್ಕಬೋದು. ಅದಿರ್ಲಿ, ಈ ಮನೇಲಿ ಯಾರಾದ್ರೂ ತೀರ್ಕಂಡವ್ರಾ?"

ಸೌಭಾಗ್ಯ ನನ್ನನ್ನು ನೋಡಿದಳು. ಆಮೇಲೆ ಸುತ್ತಿನ ಕಡೆ ನೋಡಿದಳು. "ನನ್ನ ಯಜಮಾನ್ರು. ಇಲ್ಲೇ."

ಗೋವರ್ಧನ್ ಹೆಂಡತಿಯ ರಟ್ಟೆ ಹಿಡಿದು ಹೊರಟೇಬಿಟ್ಟ. ಸೌಭಾಗ್ಯ ಅಂಗಳದವರೆಗೂ ಓಡಿದಳು. "ಅಣ್ಣ, ನಿಂತ್ಕಳಿ! ದೆವ್ವ ಅಲ್ಲ ಕಣಣ್ಣ, ಹಗೇವು. ಸತ್ತೋರನ್ನ ಕೇಳ್ಬ್ಯಾಡಿ, ನೆಲ ಕೇಳಿ" ಎಂದು ಕೂಗಿದಳು. ಬಸುರಿಯನ್ನು ಸಾವಿನ ಮನೆಯಲ್ಲಿ ನಿಲ್ಲಿಸುವವರು ಯಾರು? ಅವರು ಓಣಿಯಲ್ಲಿ ನಿಂತು ಏದುಸಿರು ಬಿಡುತ್ತಿದ್ದಾಗ ಮೂಕಮ್ಮ ತನ್ನ ಬಾಗಿಲು ತೆರೆದು, "ಬರ್ರಿ, ನೀರು ಕುಡೀರಿ" ಎಂದು ಕರೆದಳು. ಮೂಕಮ್ಮನಿಗೂ ಆ ಓಣಿ ಬಿಟ್ಟು ಹೋಗುವ ಯೋಚನೆ ಇತ್ತು. ಓಬುಲೇಶ್ ಸತ್ತ ದಿನದಿಂದ ಅವಳು ತನ್ನ ಹಿಂದಿನ ಕೋಣೆಯಲ್ಲಿ ಮಲಗುತ್ತಿರಲಿಲ್ಲ.

"ನಮ್ಮನ್ಯಾಗ ಸತ್ತೋರು ಯಾರೂ ಇಲ್ರಿ. ನಮ್ಮತ್ತಿ ಸೈತ ದವಾಖಾನ್ಯಾಗ ಹೋದ್ಲು" ಎಂದಳಂತೆ.

ಮೂಕಮ್ಮನ ಮನೆಯನ್ನೇ ಕೊಳ್ಳುವುದೆಂದು ಮಾತು ಮುಗಿದುಹೋಯಿತು. ಸೌಭಾಗ್ಯ ಹಿತ್ತಿಲ ಗೋಡೆಯ ಹತ್ತಿರ ನಿಂತು ಮೂಕಮ್ಮನನ್ನು ಕೇಳಿದಳು, ನಿಮ್ಮ ಮನೆಯ ಕೆಳಗೂ ಇದೆಯಲ್ಲ ಅತ್ತೆ, ಆ ಹುಡುಗಿಗೆ ಹೇಳಿದಿರಾ?

"ಒಂದು ಗೇಣು ಕುಂತಿತ್ತು, ಮಣ್ಣು ಬಡಿಸೀವಿ, ಮುಗೀತು. ಅವರು ಕೇಳಿದ್ರ ಹೇಳ್ತೀನಿ" ಎಂದಳು ಮೂಕಮ್ಮ. ಆಮೇಲೆ ದನಿ ತಗ್ಗಿಸಿದಳು. "ನಿನಗ ಕೈ ಮುಗೀತೀನವ್ವ. ಆಗೋ ಯಾಪಾರಕ್ಕ ಅಡ್ಡ ಬರಬ್ಯಾಡ."

ನಾನೂ ಬ್ಯಾಂಕಿಗೆ ಹೋಗಿ ಗೋವರ್ಧನ್‌ಗೆ ಹೇಳಿದೆ. ಸಿದ್ಧಾಂತಿ ನೋಡಿದ್ದಾರೆ ಅಕ್ಕ, ನೀರು ಈಶಾನ್ಯಕ್ಕೇ ಹರಿಯಿತು ಎಂದ. ಅದೇ ಸಿದ್ಧಾಂತಿ.

ಅವರು ಹಾಲುಕ್ಕಿಸುವ ದಿನ ಸೌಭಾಗ್ಯ ಬೆಳಿಗ್ಗೆಯೇ ಎದ್ದು ಸ್ನಾನ ಮಾಡಿ, ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಳು. ನಾನು ಬೇಡ ಎಂದೆ. ಕೇಳಲಿಲ್ಲ. ಒಳಗೆ ಒಲೆ ಹೊತ್ತಿತ್ತು, ಹೂವಿನ ವಾಸನೆ, ಹೆಂಗಸರ ಗದ್ದಲ. ಮೂಕಮ್ಮ ಬಾಗಿಲಿಗೆ ಅಡ್ಡ ಬಂದಳು. "ಶುಭ ಕೆಲಸದಾಗ ನೀ ಒಳಗ ಬರಬ್ಯಾಡವ್ವ, ತಿಳೀದೇನು?" ಎಂದಳು. ಗಂಡ ಸತ್ತವಳು ಎನ್ನುವ ಮಾತನ್ನು ನುಂಗಿಕೊಂಡಳು, ಅಷ್ಟು ದಯೆ ಇತ್ತು.

"ಗಂಗೋತ್ರಿ, ಒಂದ್ ಮಾತು ಕೇಳವ್ವ" ಎಂದು ಸೌಭಾಗ್ಯ ಅಲ್ಲಿಂದಲೇ ಕೂಗಿದಳು. "ಆ ಮೂಲೇಲಿ ಡ್ರಮ್ ಇಡ್ಬ್ಯಾಡ. ನೀನು ಆ ಮೂಲೇಗೆ ಹೋಗ್ಬ್ಯಾಡ. ಕೆಳಗೆ ಟೊಳ್ಳು ಐತೆ ಕಣವ್ವ. ನನ್ನ ಗಂಡನ್ನ ನುಂಗಿದ್ದೂ ಅದೇ."

ಗದ್ದಲ ನಿಂತಿತು. ಗಂಗೋತ್ರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೊಸ್ತಿಲ ತನಕ ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಯಾಕಕ್ಕ ಇವತ್ತೇ ಇಂಥ ಮಾತಾಡ್ತೀರಾ? ನಿಮ್ಮ ಮನೆ ತಗಳ್ಳಿಲ್ಲ ಅಂತ ಹೊಟ್ಟೆಕಿಚ್ಚಾ? ನಮ್ ಕಡೆಯೋರು ಅಂತ ಅಂದ್ಕಂಡಿದ್ದೆ."

ಹಿಂದಿನಿಂದ ಯಾರೋ, ಉಕ್ಕಿತು, ಉಕ್ಕಿತು ಎಂದು ಕೂಗಿದರು. ಎಲ್ಲರೂ ಒಳಗೆ ತಿರುಗಿದರು. ಹಾಲು ಹರಿದ ದಿಕ್ಕು ನೋಡಿ ಹೆಂಗಸರೆಲ್ಲ ಸಂತೋಷಪಟ್ಟದ್ದು ನಮಗೆ ಹೊರಗೇ ಕೇಳಿಸಿತು.

ಬೈದರೆ ಬೈಯಲಿ ಎಂದು ಸೌಭಾಗ್ಯ ಮರುದಿನ ಇನ್ನೊಂದು ಕೆಲಸ ಮಾಡಿದಳು. ಮಾತು ಕೇಳದವರು ಗುರುತಾದರೂ ನೋಡಲಿ ಎಂದು, ಗಂಡನ ಸೀಮೆಸುಣ್ಣ ತೆಗೆದುಕೊಂಡು ಹೋಗಿ ಆ ಮನೆಯ ಹೊರಗೋಡೆಯ ಮೇಲೆ, ಆ ಮೂಲೆಗೆ ಸರಿಯಾಗಿ, ಒಂದು ಸುತ್ತು ಬರೆದು ಬಂದಳು. ಓಬುಲೇಶ್ ಬಟ್ಟೆಗೆ ಬರೆಯುತ್ತಿದ್ದನಲ್ಲ, ಹಾಗೆ. ಆ ಗುರುತಿನ ಅರ್ಥ ಶೆಡ್ಡಿನ ನಮಗೆ ಗೊತ್ತು, ಗುಡಿಬಂಡೆಯ ಹುಡುಗಿಗೆ ಏನು ಗೊತ್ತು? ವಿಧವೆಯೊಬ್ಬಳು ಬಸುರಿಯ ಮನೆಗೆ ಬಿಳಿ ಸುತ್ತು ಬರೆದು ಹೋದಳು, ಮಾಟ ಮಾಡಿಸಿದಳು ಎಂದು ಓಣಿಯೆಲ್ಲ ಗುಲ್ಲಾಯಿತು. ಗೋವರ್ಧನ್ ನಿಂಬೆಹಣ್ಣು ಕಟ್ಟಿದ. ಗಂಗೋತ್ರಿ ಸಗಣಿ ನೀರು ಹಾಕಿ ಗೋಡೆ ತೊಳೆದಳು. ಸಿದ್ಧಾಂತಿಯನ್ನು ಕರೆಸಿದರು.

ಆತ ಪರಿಹಾರ ಹೇಳಿ ಹೋದ. ಈಶಾನ್ಯದಲ್ಲಿ ಗಂಗೆಯ ಬಲ ಹೆಚ್ಚಿಸಬೇಕು, ಅಲ್ಲಿ ನೀರು ತುಂಬಿ ತುಳುಕುತ್ತಿದ್ದರೆ ಯಾವ ಮಾಟವೂ ತಾಗುವುದಿಲ್ಲ ಎಂದನಂತೆ. ಅವರು ಮೊದಲೇ ಇದ್ದ ಎರಡರ ಜೊತೆಗೆ ಮತ್ತೆರಡು ಡ್ರಮ್ಮು ತಂದು ಆ ಮೂಲೆಯಲ್ಲಿ ಇಟ್ಟಿದ್ದಾರೆ.

ಮೊನ್ನೆ ನಾನು ಹೋದಾಗ ನಳದಲ್ಲಿ ನೀರು ಬಂದಿತ್ತು. ಸೌಭಾಗ್ಯ ಹಿಂದಿನ ಕೋಣೆಯಲ್ಲಿ, ತಾನು ಬರೆದ ಸುತ್ತಿನ ಪಕ್ಕ, ಎರಡೂ ಮನೆಗೆ ಸೇರಿದ ಗೋಡೆಗೆ ಒರಗಿಕೊಂಡು ಕುಳಿತಿದ್ದಳು. ಅವಳು ಹೊಡೆದ ಆ ಬರಿಯ ಮೊಳೆ ತಲೆಯ ಮೇಲೆ ಇತ್ತು. ಮನೆ ಮಾರಾಟವಾಗಿಲ್ಲ, ಇನ್ನು ಆಗುವುದೂ ಇಲ್ಲ. ಊರಿಗಾದರೂ ಹೋಗು ಎಂದೆ. ಅವಳು ಬಾಯಿಯ ಮೇಲೆ ಬೆರಳಿಟ್ಟು, ಕೇಳು ಎಂದು ಸನ್ನೆ ಮಾಡಿದಳು. ಗೋಡೆಯ ಆಚೆ ಗಂಗೋತ್ರಿ ಏನೋ ಹಾಡು ಗುನುಗುತ್ತಾ ಕೊಡದಿಂದ ನೀರು ಸುರಿಯುತ್ತಿದ್ದಳು.

"ಎರಡು ತುಂಬಿದ್ವು ಉಷಕ್ಕ. ಇದು ಮೂರ್ನೇದು" ಎಂದಳು ಸೌಭಾಗ್ಯ.

ಆಕಾಶ ಮೋಡ ಕಟ್ಟಿತ್ತು. ನಾನು ಎದ್ದು ಹೋಗಿ ಆ ಮನೆಯ ಬಾಗಿಲು ಬಡಿದು ಕೂಗಿದೆ. ನನ್ನ ದನಿ ಗೊತ್ತಾಗಿ ಒಳಗಿನಿಂದ ಚಿಲಕ ಹಾಕಿಕೊಂಡರು.